ಗೊರಗೊರ ಉಸಿರೆಲ್ಲ ಕಫ ಅಲ್ಲ

ಮಳೆಗಾಲ ಶುರುವಾದರೆ ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಗೊರಗೊರ ಎನ್ನುವ ಕೂಸುಗಳೇ ಜಾಸ್ತಿ. ಹೆಚ್ಚಿನವಕ್ಕೆ ಬರೀ ಶೀತ. ಹೊಸನಗರದ ಕಡೆಯ ಆ ಮಗುವಿಗೂ ಕಫ ಅಂತಲೇ ಮತ್ತೆ ಮತ್ತೆ ನೆಬುಲೈಸರ್ ಕೊಟ್ಟಿದ್ದರು. "ಹುಟ್ಟಿದಾಗಿಂದ ಹೀಗೇ ಡಾಕ್ಟ್ರೇ. ಹಾಲು ಕುಡೀತಾ ಕುಡೀತಾ ಬಿಟ್ಟುಬಿಡ್ತದೆ, ಏದುಸಿರು" ಅಂದರು ಅಜ್ಜಿ. ತಿಂಗಳುಗಟ್ಟಲೆ ಒಂದೇ ಸಮ ಇರುವ ಸದ್ದು ಶೀತದ್ದಲ್ಲ, ಅಲ್ವಾ?

ಅಂಗಿ ಬಿಚ್ಚಿಸಿ ನೋಡಿದೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಸ್ಟೆತಸ್ಕೋಪನ್ನು ಮೊದಲು ಕುತ್ತಿಗೆಯ ಬುಡಕ್ಕೆ ಇಟ್ಟೆ. ಉಸಿರು ಎಳೆದುಕೊಳ್ಳುವಾಗಲೂ ಬಿಡುವಾಗಲೂ ಸದ್ದು. ಗಂಟಲಿನ ಧ್ವನಿಪೆಟ್ಟಿಗೆ ಮೆತ್ತಗಿರುವ ಮಕ್ಕಳಿಗೆ ಸಾಮಾನ್ಯವಾಗಿ ಎಳೆದುಕೊಳ್ಳುವಾಗಲೇ ಸದ್ದು, ಬೋರಲು ಮಲಗಿಸಿದರೆ ಎಷ್ಟೋ ಕಮ್ಮಿ. ಇಲ್ಲಿ ಕಮ್ಮಿ ಆಗಲಿಲ್ಲ.

ಸಿ.ಟಿ. ಮಾಡಿಸಿದಾಗ ಶ್ವಾಸನಾಳ ಉದ್ದಕ್ಕೂ ಕಿರಿದಾಗಿತ್ತು. ಅದರ ಮೃದು ಎಲುಬಿನ ಬಳೆಗಳು ಮಾಮೂಲಾಗಿ ಹಿಂದುಗಡೆ ತೆರೆದಿರುತ್ತವೆ. ಹುಟ್ಟಿನಿಂದಲೇ ಶ್ವಾಸನಾಳ ಕಿರಿದಾಗಿರುವ ಈ ಕಾಯಿಲೆಯಲ್ಲಿ ಅವು ಪೂರ್ತಿ ಸುತ್ತಿಕೊಂಡಿರುತ್ತವೆ. ಎಡ ಶ್ವಾಸಕೋಶದ ರಕ್ತನಾಳವೂ ಶ್ವಾಸನಾಳದ ಹಿಂದಿನಿಂದ ಬಳಸಿಕೊಂಡು ಬಂದಿತ್ತು. ಇವೆರಡೂ ಒಟ್ಟಿಗೇ ಇರುವುದು ಹೊಸದೇನಲ್ಲ. ಶ್ವಾಸನಾಳದ ಅಗಲ ಅರ್ಧವಾದರೆ ಗಾಳಿಗೆ ತಡೆ ಸುಮಾರು 16 ಪಟ್ಟು ಏರುತ್ತದೆ. ಅದಕ್ಕೇ "ಗಂಟಲಿಗೆ ಉಸಿರಿನ ಟ್ಯೂಬ್ ಹಾಕಿಯೇ ಕಳಿಸೋಣ" ಎಂದ ಜೂನಿಯರ್‌ಗೆ ಬೇಡ ಅಂದೆ. ಮಗು ತಾನಾಗಿ ಉಸಿರಾಡುತ್ತಿತ್ತು. ಅಲ್ಲಿ ಟ್ಯೂಬ್ ತುರುಕಿ ಊತ ಬಂದರೆ ಇರುವ ದಾರಿಯೂ ಹೋಯಿತು. ಆಕ್ಸಿಜನ್ ಕೊಟ್ಟು, ಅಳಿಸದೆ, ಅಮ್ಮನನ್ನು ಜೊತೆಗೇ ಕೂರಿಸಿ ಬೆಂಗಳೂರಿಗೆ ಕರೆದೊಯ್ದೆವು. ಸರ್ಜನ್‌ಗೆ ಮೊದಲೇ ಫೋನ್ ಮಾಡಿದ್ದೆ.

ಅವರನ್ನು ಕೇಳಿಕೊಂಡು ಆಪರೇಷನ್ ಥಿಯೇಟರಿನಲ್ಲಿ ನಿಂತೆ. 1989ರಲ್ಲಿ ವೈದ್ಯಲೋಕಕ್ಕೆ ಪರಿಚಯವಾದ ಸ್ಲೈಡ್ ಟ್ರೇಕಿಯೋಪ್ಲಾಸ್ಟಿ ಎಂಬ ಆಪರೇಷನ್ ಅದು. ಹಾರ್ಟ್-ಲಂಗ್ ಮಷಿನ್ ಉಸಿರಿನ ಕೆಲಸ ವಹಿಸಿಕೊಂಡಿತು. ಕಿರಿದಾದ ಭಾಗವನ್ನು ನಡುವೆ ಅಡ್ಡಕ್ಕೆ ಕತ್ತರಿಸಿದರು. ಮೇಲಿನ ತುಂಡನ್ನು ಹಿಂದೆ, ಕೆಳಗಿನದನ್ನು ಮುಂದೆ ಉದ್ದಕ್ಕೆ ಸೀಳಿ, ಒಂದರ ಮೇಲೊಂದು ಜಾರಿಸಿ ಹೊಲಿದರು. ಆ ಭಾಗದ ಉದ್ದ ಅರ್ಧವಾಯಿತು, ಸುತ್ತಳತೆ ಹೆಚ್ಚುಕಮ್ಮಿ ಎರಡರಷ್ಟಾಯಿತು. ಹೊರಗಿನ ತೇಪೆ ಬೇಕಿಲ್ಲ, ಮಗುವಿನದೇ ನಾಳ. ಎಷ್ಟು ಚಂದದ ಯೋಚನೆ! ರಕ್ತನಾಳವನ್ನೂ ಬಿಡಿಸಿ ಮುಂದಕ್ಕೆ ಕೂರಿಸಿದರು. ಆಮೇಲೆ ಹೊಲಿಗೆಯ ಮೇಲೆ ಸಲೈನ್ ತುಂಬಿ ಒಳಗಿನಿಂದ ಗಾಳಿ ಊದಿಸಿದರು. ಎಲ್ಲರ ಕಣ್ಣೂ ಆ ನೀರಿನ ಮೇಲೆ. ಗುಳ್ಳೆ ಏಳಲಿಲ್ಲ.

ಊರಿಗೆ ಬಂದ ಮೇಲಿನದು ನಮ್ಮ ಪಾಲಿನ ಕೆಲಸ. ಹೊಲಿಗೆ ಜಾಗದಲ್ಲಿ ಒಳಗೆ ಮಾಂಸ ಬೆಳೆಯಬಹುದು, ಹಾಗಾಗಿ ಕ್ಯಾಮೆರಾ ಕೊಳವೆ ಇಳಿಸಿ ಶ್ವಾಸನಾಳದ ಒಳಗೆ ನೋಡುವ ಬ್ರಾಂಕೋಸ್ಕೋಪಿ ತಪ್ಪಿಸುವಂತಿಲ್ಲ. ಬಚ್ಚಲೊಲೆಯ ಹೊಗೆಯಿಂದ ಮಗುವನ್ನು ದೂರ ಇಡಿ ಎಂದೆ. ಸ್ಕೋಪಿಯಲ್ಲಿ ಕಂಡ ನಾಳದ ಅಳತೆ, ಯಾವ ಸೈಜಿನ ಟ್ಯೂಬ್ ಹಿಡಿಸುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಕೊಟ್ಟಿದ್ದೇನೆ. ರಾತ್ರಿ ಹೊತ್ತು ಯಾವ ಆಸ್ಪತ್ರೆಗೆ ಓಡಬೇಕಾದರೂ ಅದನ್ನು ಮೊದಲು ತೋರಿಸಿ ಅಂತ ಅಜ್ಜಿಗೂ ಹೇಳಿದ್ದೇನೆ.