ಎಣ್ಣೆ ಸಿಕ್ಕಿತಾ? ತೈಲಬಾವಿಯ ಬೆನ್ನು ಹತ್ತುವುದು ಹೀಗೆ

ಹಿತ್ತಿಲಲ್ಲಿ ಬೋರ್‌ವೆಲ್ ಕೊರೆಸಿದವರಿಗೆ ತೈಲಬಾವಿ ಅರ್ಧ ಅರ್ಥವಾದ ಹಾಗೆಯೇ. ಮುರಕಲ್ಲು, ಶೇಡಿಮಣ್ಣು ದಾಟಿ, ಕೇಸಿಂಗ್ ಇಳಿಸಿ, ಬಂಡೆಗೆ ಹೋದ ಮೇಲೆ ಎಲ್ಲರ ಕಣ್ಣೂ ಮೇಲೆ ಹಾರುವ ಪುಡಿಯ ಮೇಲೆ. ಪುಡಿ ಸ್ವಲ್ಪ ಒದ್ದೆಯಾದರೆ ಸಾಕು, ‘ನೀರು ಬಂತು’ ಅಂತ ಒಬ್ಬರಾದರೂ ಕೂಗುತ್ತಾರೆ. ಎಷ್ಟು ಇಂಚು ನೀರು ಅಂತ ಗೊತ್ತಾಗುವುದು ಆಮೇಲೆ. ಎಣ್ಣೆಯ ಸುದ್ದಿಯಲ್ಲೂ ಆಗುವುದು ಇದೇ.

ಮಂಗಳೂರು, ಉಡುಪಿಯ ನೆಲದಡಿ ಎಣ್ಣೆ ಹುಡುಕುವುದು ಸುಮ್ನೆ ಶ್ರಮ. ಎಣ್ಣೆಗೆ ಕೆಸರು, ಮರಳು ಕೂತು ಕಲ್ಲಾದ ದಪ್ಪ ಪದರಗಳು ಬೇಕು, ನಮ್ಮಲ್ಲಿರುವುದು ಗಟ್ಟಿ ಬಂಡೆ. ಆ ಗಟ್ಟಿ ಬಂಡೆಯನ್ನೇ ಕೊರೆದು ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ಗುಹೆ ಮಾಡಿದ್ದಾರೆ ಅನ್ನುವುದು ಬೇರೆ ಮಾತು. ಕಡಲಿನೊಳಗೆ ಮಾತ್ರ ಅಂಥ ಪದರಗಳು ತುಂಬಿದ ತಗ್ಗು, ಕೇರಳ–ಕೊಂಕಣ ಬೇಸಿನ್ ಇದೆ. ಅಲ್ಲಿಂದ ಇನ್ನೂ ಮಾರಾಟಕ್ಕೆ ಎಣ್ಣೆ ಬಂದಿಲ್ಲ. ಹಾಗಾಗಿ ಪಶ್ಚಿಮ ಕಡಲಲ್ಲಿ ರಿಗ್ (ಬಾವಿ ಕೊರೆಯುವ ಯಂತ್ರದ ಕಟ್ಟೆ) ನಿಂತಿತು ಅಂದರೆ ನಮ್ಮವರ ಕಿವಿ ನೆಟ್ಟಗಾಗುತ್ತದೆ.

ಮೊದಲು ಬಾವಿಯ ಜಾತಕ ಬರೆದಿಟ್ಟುಕೊಳ್ಳಿ. ಬ್ಲಾಕ್ (ಎಣ್ಣೆ ಹುಡುಕಲು ಗುರುತು ಮಾಡಿಕೊಟ್ಟ ಜಾಗ) ಯಾವುದು, ಕೊರೆಯುವ ಕಂಪನಿ ಯಾವುದು, ನೀರಿನ ಆಳ ಎಷ್ಟು, ಗುರಿ ಎಷ್ಟು ಮೀಟರ್. ಬ್ಲಾಕಿನ ನಕ್ಷೆ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಸಿಗುತ್ತದೆ. ಒಎನ್‌ಜಿಸಿ, ಆಯಿಲ್ ಇಂಡಿಯಾ ಎರಡೂ ಷೇರುಪೇಟೆಯಲ್ಲಿರುವ ಕಂಪನಿಗಳು. ದೊಡ್ಡ ಸುದ್ದಿ ಇದ್ದರೆ ಎನ್‌ಎಸ್‌ಇ, ಬಿಎಸ್‌ಇಗೆ ತಿಳಿಸಲೇಬೇಕು. ವಾಟ್ಸಾಪ್ ಫಾರ್ವರ್ಡ್ ನಂಬುವ ಮೊದಲು ಅಲ್ಲಿ ನೋಡಿ.

ಆಮೇಲೆ ಜಾಗ. ಕಡಲಲ್ಲಿ ರಿಗ್ ನಿಂತರೆ ಹಡಗುಗಳಿಗೆ ಎಚ್ಚರಿಕೆ ಹೋಗುತ್ತದೆ. ಇದನ್ನು ಹೊರಡಿಸುವುದು ಡೆಹ್ರಾಡೂನಿನಲ್ಲಿರುವ ನೌಕಾಪಡೆಯ ಜಲಮಾಪನ ಕಚೇರಿ. ಅದರಲ್ಲಿ ರಿಗ್‌ನ ಹೆಸರು, ನಿಂತ ಜಾಗದ ಅಕ್ಷಾಂಶ, ರೇಖಾಂಶ ಇರುತ್ತದೆ. ರಿಗ್‌ನ ಸುತ್ತ 500 ಮೀಟರ್ ಒಳಗೆ ಬೇರೆಯವರು ಹೋಗುವ ಹಾಗಿಲ್ಲ. ಮೀನಿನ ಬೋಟಿನ ತಾಂಡೇಲರನ್ನು ಕೇಳಿದರೂ ಎಲ್ಲಿ ಬಲೆ ಬಿಡಬಾರದು ಅಂತ ಹೇಳಿಯಾರು.

ಇಲ್ಲೊಂದು ಕಡೆ ಜಾಗ್ರತೆ. ಎಚ್ಚರಿಕೆಯಲ್ಲಿ ಬರುವುದು ಡಿಗ್ರಿ ಮತ್ತು ಮಿನಿಟ್. ಫೋನಿನ ಮ್ಯಾಪ್‌ನಲ್ಲಿ ಸಾಮಾನ್ಯವಾಗಿ ನಾವು ಹಾಕುವುದು ದಶಮಾಂಶ. ಅಭ್ಯಾಸಕ್ಕೆ ಅಂತ ಮಲ್ಪೆಯ 13 ಡಿಗ್ರಿ 21 ಮಿನಿಟನ್ನು ನಾನು ಹಾಗೆಯೇ 13.21 ಅಂತ ಒತ್ತಿದೆ. ಗುರುತು ಹೋಗಿ ಕಾಪುವಿನ ಹತ್ತಿರ ಕೂತಿತು! ಸುಮಾರು 15 ಕಿಲೋಮೀಟರ್ ತಪ್ಪು. ಮಿನಿಟನ್ನು 60ರಿಂದ ಭಾಗಿಸಬೇಕು. 21 ಭಾಗಿಸು 60 ಅಂದರೆ 0.35. ಸರಿಯಾದ ಅಂಕಿ 13.35.

ಹಡಗು ತೋರಿಸುವ ಆ್ಯಪ್‌ನಲ್ಲೂ ರಿಗ್‌ನ ಹೆಸರು ಹುಡುಕಬಹುದು. ದಡದಿಂದ ತುಂಬಾ ದೂರವಿದ್ದರೆ ಉಚಿತ ಆ್ಯಪ್‌ನಲ್ಲಿ ಕಾಣಿಸುವುದಿಲ್ಲ, ಅಷ್ಟು ದೂರದ ಸಿಗ್ನಲ್ ದಡದ ಆಂಟೆನಾಗೆ ಸಿಗುವುದಿಲ್ಲ. ರಿಗ್ ಓಡಿಹೋಯಿತು ಅಂತ ಸುದ್ದಿ ಹಬ್ಬಿಸಬೇಡಿ.

ಕೊರೆಯಲು ಶುರು ಮಾಡಿದ ದಿನಕ್ಕೆ ‘ಸ್ಪಡ್’ ಅನ್ನುತ್ತಾರೆ. ಆ ತಾರೀಕು ಬರೆದುಕೊಳ್ಳಿ. ಮುಂದೆ ಆಳ ದಿನಾ ಒಂದೇ ಲೆಕ್ಕದಲ್ಲಿ ಹೆಚ್ಚುವುದಿಲ್ಲ. ಒಂದಷ್ಟು ಕೊರೆದು, ಉಕ್ಕಿನ ಕೇಸಿಂಗ್ ಇಳಿಸಿ, ಸಿಮೆಂಟ್ ತುಂಬಿ, ಅದು ಗಟ್ಟಿಯಾದ ಮೇಲೆ ಮತ್ತೆ ಸಣ್ಣ ಬಿಟ್ (ಕೊರೆಯುವ ತುದಿ) ಹಾಕುತ್ತಾರೆ. 20 ಇಂಚಿನಿಂದ ಶುರುವಾದ ಕೇಸಿಂಗ್ ಕೆಳಗೆ ಹೋಗುತ್ತ 7 ಇಂಚಿಗೆ ಇಳಿಯಬಹುದು. ಈ ಕೆಲಸದ ದಿನಗಳಲ್ಲಿ ಆಳ ಒಂದು ಮೀಟರೂ ಹೆಚ್ಚದಿದ್ದರೆ ಕೆಲಸ ಕೆಟ್ಟಿತು ಅಂತ ಅರ್ಥವಲ್ಲ.

ನಿಜವಾದ ಕಷ್ಟ ಪದಗಳದ್ದು. ‘ಶೋ’ ಅಂದರೆ ಮೇಲೆ ಬಂದ ಕಲ್ಲಿನ ಚೂರಿನಲ್ಲೋ, ಕೊರೆಯುವಾಗ ಬಾವಿಗೆ ಹರಿಸುವ ಕೆಸರಿನಲ್ಲೋ ಎಣ್ಣೆ, ಅನಿಲದ ಸುಳಿವು. ನಮ್ಮ ಒದ್ದೆ ಪುಡಿ ಇದ್ದ ಹಾಗೆ. ‘ಟೆಸ್ಟ್’ ಅಂದರೆ ಒಂದು ಪದರವನ್ನು ತೆರೆದು ಹರಿಸಿ ನೋಡುವುದು. ಆಗ ಎಷ್ಟು ಬ್ಯಾರೆಲ್ ಅನ್ನುವುದರ ಜೊತೆ ‘ಚೋಕ್’, ಅಂದರೆ ಹರಿಯಲು ಬಿಟ್ಟ ಕಿಂಡಿ, ಎಷ್ಟಿತ್ತು ಅಂತಲೂ ನೋಡಿ. ನಲ್ಲಿಯನ್ನು ಎಷ್ಟು ತಿರುಗಿಸಿದ್ದರು ಅಂತ ಗೊತ್ತಿಲ್ಲದೆ ನೀರಿನ ಲೆಕ್ಕ ಹೇಳಲು ಬರುತ್ತದಾ? ಒಂದು ಬ್ಯಾರೆಲ್ ಅಂದರೆ ಸುಮಾರು 159 ಲೀಟರ್.

ಅಂಡಮಾನಿನ ಶ್ರೀ ವಿಜಯಪುರಂ–2 ಬಾವಿಯ ಸುದ್ದಿ ಓದಿ ಅಭ್ಯಾಸ ಮಾಡಿಕೊಳ್ಳಬಹುದು. ಆಯಿಲ್ ಇಂಡಿಯಾ ಕೊರೆದದ್ದು. ನೀರಿನ ಆಳ 295 ಮೀಟರ್, ಗುರಿ 2650 ಮೀಟರ್. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಹರ್‌ದೀಪ್ ಸಿಂಗ್ ಪುರಿ ಅನಿಲ ಕಂಡಿದೆ ಅಂದರು. ಪರೀಕ್ಷೆ ಆದದ್ದು 2212ರಿಂದ 2250 ಮೀಟರ್ ನಡುವೆ. ಮಾದರಿಯನ್ನು ಕಾಕಿನಾಡಕ್ಕೆ ತಂದು ನೋಡಿದಾಗ 87% ಮೀಥೇನ್. ಕೇಳಲು ಚೆಂದ, ಅಲ್ವಾ? ಆದರೆ 87 ಅನ್ನುವುದು ಅನಿಲದ ಗುಣ ಮಾತ್ರ, ಅನಿಲ ಎಷ್ಟಿದೆ ಅನ್ನುವ ಲೆಕ್ಕವಲ್ಲ. ಎಷ್ಟು ಇದೆ, ತೆಗೆದರೆ ಗಿಟ್ಟುತ್ತದಾ ಅನ್ನುವುದನ್ನು ಮುಂದೆ ನೋಡಬೇಕು ಅಂತ ಆ ಪ್ರಕಟಣೆಯಲ್ಲೇ ಇತ್ತು. ಆ ಸಾಲನ್ನು ನಾವು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಕೊನೆಗೆ ‘ಪ್ಲಗ್ ಆ್ಯಂಡ್ ಅಬಾಂಡನ್’ ಅಂತ ಬಂದರೆ ಬಾವಿಗೆ ಸಿಮೆಂಟ್ ತುಂಬಿ ಮುಚ್ಚಿದರು ಅಂತ. ಹುಡುಕಾಟದ ಬಾವಿಗಳಲ್ಲಿ ಜಾಸ್ತಿ ಹೀಗೆಯೇ ಮುಗಿಯುತ್ತವೆ. ‘ಸಸ್ಪೆಂಡ್’ ಅಂದರೆ ಸದ್ಯಕ್ಕೆ ಮುಚ್ಚಿದ್ದಾರೆ, ಮತ್ತೆ ಬರಬಹುದು. ರಿಗ್ ಹೊರಟುಹೋದ ಮೇಲೂ ಆ ಬ್ಲಾಕಿನ ಹೆಸರನ್ನು ಆಗಾಗ ಹುಡುಕುತ್ತಿರಿ. ಅದೇ ಜಾಗದ ಹತ್ತಿರ ‘ಅಪ್ರೈಸಲ್’ ಬಾವಿ, ಅಂದರೆ ಸಿಕ್ಕಿದ್ದು ಎಷ್ಟಿದೆ ಅಂತ ಅಳೆಯುವ ಬಾವಿ, ಶುರುವಾಯಿತು ಅಂತ ಕಂಡರೆ, ಆವತ್ತು ಮನೆಯಲ್ಲಿ ಎಲ್ಲರಿಗೂ ಹೇಳಿ.