ಶಾಕ್ ಅಬ್ಸಾರ್ಬರ್ ಬದಲಿಸುವ ಮುಂಚೆ ಇಷ್ಟು ನೋಡಿಕೊಳ್ಳಿ
ಮಳೆಗಾಲ ಮುಗಿಯುವಷ್ಟರಲ್ಲಿ ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಓಡಾಡುವ ಕಾರುಗಳಲ್ಲಿ ಗುಂಡಿಗಳ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್ ಸುಸ್ತಾಗಿರುತ್ತದೆ. ಗ್ಯಾರೇಜಿಗೆ ಹೋಗುವ ಮೊದಲು ಮನೆ ಅಂಗಳದಲ್ಲೇ ಒಮ್ಮೆ ನೋಡಿ. ಶಾಕ್ ಮೇಲೆ ಎಣ್ಣೆ ಜಿನುಗಿದೆಯಾ? ಟೈರ್ ಅಲ್ಲಲ್ಲಿ ತಗ್ಗಾಗಿ ಸವೆದಿದೆಯಾ? ಹಾಗಿದ್ದರೆ ತಡ ಮಾಡಬೇಡಿ. ಬರೀ ಕಟಕಟ ಸದ್ದು ಬರುತ್ತಿದ್ದರೆ ಚಕ್ರದ ಹತ್ತಿರದ ಲಿಂಕ್ ರಾಡ್ ಎಂಬ ಸಣ್ಣ ಕಂಬಿ ಅಥವಾ ಬುಷ್ ಎಂಬ ರಬ್ಬರ್ ತುಂಡು ಹೋಗಿರಬಹುದು, ಅದಕ್ಕೆ ಖರ್ಚು ತುಂಬಾ ಕಡಿಮೆ, ಸುಮ್ನೆ ಶಾಕ್ ಬಿಚ್ಚಿಸಬೇಡಿ.

ಒಂದೇ ಹೋಗಿದ್ದರೂ ಎಡ ಬಲ ಜೋಡಿಯಾಗಿಯೇ ಹಾಕಿಸಿ. ಒಂದು ಹೊಸದು, ಒಂದು ಹಳೆಯದು ಇಟ್ಟುಕೊಂಡು ಆಗುಂಬೆ ಘಾಟಿಯ 14 ತಿರುವುಗಳನ್ನು, ಅದೂ ಒದ್ದೆ ರಸ್ತೆಯಲ್ಲಿ ಇಳಿಯುವುದು ನಿಜಕ್ಕೂ ಅಪಾಯ.

ಸಣ್ಣ ಕಾರಿಗೆ ಮುಂದಿನ ಚಕ್ರಗಳ ಶಾಕ್ ಜೋಡಿಗೇ ಸುಮಾರು 4,000ದಿಂದ 6,000 ರೂಪಾಯಿ ಇಟ್ಟುಕೊಳ್ಳಿ. ಬಿಲ್ ಜಾಸ್ತಿಯಾಗುವುದು ಆಮೇಲೆ: ಮೌಂಟ್ (ಶಾಕ್ ಮೇಲ್ತುದಿಯನ್ನು ಹಿಡಿದಿಡುವ ಭಾಗ), ಬೇರಿಂಗ್, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಸಿದು ಬಡಿಯದಂತೆ ತಡೆಯುವ ತುಂಡು), ಮಜೂರಿ, ಕೊನೆಗೆ ಚಕ್ರಗಳ ಕೋನ ಸರಿಪಡಿಸುವ ವೀಲ್ ಅಲೈನ್‌ಮೆಂಟ್. ಸವೆದ ಮೌಂಟನ್ನು ಉಳಿಸಿಕೊಂಡರೆ ಆರು ತಿಂಗಳಿಗೆ ಮತ್ತೆ ಬಿಚ್ಚಿಸಬೇಕು, ಮಜೂರಿ ಎರಡು ಸಲ ಕೊಟ್ಟಂತೆ ಅಲ್ವಾ? ಮೊದಲೇ ಎಲ್ಲ ಸೇರಿಸಿ ಎಸ್ಟಿಮೇಟ್ ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 18 ಪರ್ಸೆಂಟ್. ಬಿಲ್‌ನಲ್ಲಿ 28 ಅಂತ ಇದ್ದರೆ ಅಲ್ಲೇ ಕೇಳಿ.