ಮೇಣಕ್ಕೆ ನ್ಯಾನೊ ಪುಡಿ ಬೆರೆಸಿ ಶಾಖ ಬೇಗ ಹರಿಯುವಂತೆ ಮಾಡುವುದು ಹೇಗೆ?

ಒಂದು ಕಿಲೋ ಪ್ಯಾರಾಫಿನ್ ಮೇಣ ಕರಗುವಾಗ ಸುಮಾರು 200 ಕಿಲೋಜೌಲ್ ಶಾಖ ಹೀರಿಕೊಳ್ಳುತ್ತದೆ, ಅದಕ್ಕೇ ಶಾಖ ಕೂಡಿಡಲು ಇದನ್ನು ಬಳಸುತ್ತಾರೆ. ಆದರೆ ಅದರ ಉಷ್ಣವಾಹಕತೆ (ಶಾಖವನ್ನು ಸಾಗಿಸುವ ಗುಣ) ಬರೀ 0.2 ವ್ಯಾಟ್/ಮೀಟರ್-ಕೆಲ್ವಿನ್ ಆಸುಪಾಸು. ಹಾಗಾಗಿ ಪಾತ್ರೆಯ ಅಂಚಿನ ಮೇಣ ಕರಗಿ ನೀರಾದರೂ ನಡುವಿನ ಗಟ್ಟಿ ಹಾಗೇ ಕೂತಿರುತ್ತದೆ. ಇದಕ್ಕೇ ನ್ಯಾನೊ ಪುಡಿ, ಅಂದರೆ ಮೇಣಕ್ಕಿಂತ ಚೆನ್ನಾಗಿ ಶಾಖ ಸಾಗಿಸುವ ಅತಿ ಸೂಕ್ಷ್ಮ ಕಣಗಳ ಪುಡಿ, ಬೇಕಾಗುವುದು.

ಮೊದಲ ಸಲಕ್ಕೆ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ನ್ಯಾನೊ ಪುಡಿ ಸಾಕು. 100 ಗ್ರಾಂ ಮೇಣಕ್ಕೆ 1 ಗ್ರಾಂ ಪುಡಿಯಿಂದ ಶುರು ಮಾಡಿ. ಪುಡಿಯನ್ನು ಫ್ಯೂಮ್ ಹುಡ್ (ಗಾಳಿಯನ್ನು ಹೊರಗೆಳೆಯುವ ಪ್ರಯೋಗಾಲಯದ ಗೂಡು) ಒಳಗೇ ತೂಗಿ, ಮಾಸ್ಕ್ ಮತ್ತು ಗ್ಲೌಸ್ ಬೇಕೇ ಬೇಕು, ಈ ಕಣಗಳು ಉಸಿರಿನ ಜೊತೆ ಒಳಗೆ ಹೋಗಬಾರದು.

ಮೇಣವನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ನೇರ ಬೆಂಕಿ ಬೇಡ. ಸ್ವಲ್ಪ ಓಲಿಕ್ ಆಮ್ಲ ಹಾಕಿ, ಅದು ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಾ ಮ್ಯಾಗ್ನೆಟಿಕ್ ಸ್ಟರರ್‌ನಲ್ಲಿ (ಆಯಸ್ಕಾಂತದಿಂದ ಕಲಕುವ ಯಂತ್ರ) ಅರ್ಧ ಗಂಟೆ ಕಲಕಿ, ಆಮೇಲೆ ಅಲ್ಟ್ರಾಸೋನಿಕೇಟರ್‌ನಲ್ಲಿ (ಶ್ರವಣಾತೀತ ಧ್ವನಿಯಿಂದ ಕಣಗಳ ಗಂಟು ಬಿಡಿಸುವ ಯಂತ್ರ) ಒಂದು ಗಂಟೆ ಇಡಿ, ಅಷ್ಟು ಹೊತ್ತೂ ಮೇಣ ದ್ರವವಾಗಿಯೇ ಇರಬೇಕು, ನಡುವೆ ಹೆಪ್ಪುಗಟ್ಟಿದರೆ ಪಟ್ಟ ಶ್ರಮವೆಲ್ಲ ಹಾಳು.

ಈಗ ಗಾಜಿನ ನಳಿಕೆಗೆ ಸುರಿದು ಕರಗಿದ ಸ್ಥಿತಿಯಲ್ಲೇ ಕೆಲವು ಗಂಟೆ ಬಿಡಿ. ಮೇಲಿಂದ ಕೆಳಗಿನವರೆಗೂ ಒಂದೇ ಥರ ಹಾಲಿನಂತೆ ಕಂಡರೆ ಚೆನ್ನಾಗಿ ಬೆರೆತಿದೆ. ಮೇಲೆ ತಿಳಿಯಾದ ಪದರ ಕಂಡರೆ ಪುಡಿ ತಳ ಸೇರುತ್ತಿದೆ ಅಂತ. ಹತ್ತಾರು ಸಲ ಕರಗಿಸಿ, ಹೆಪ್ಪುಗಟ್ಟಿಸಿ ಮತ್ತೆ ಹೀಗೇ ನೋಡಿ. ನನ್ನ ಪ್ರಕಾರ ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದೇ.

ಪುಡಿ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅಲ್ವಾ? ಇಲ್ಲ. ಪುಡಿ ಕರಗುವುದಿಲ್ಲ, ಹಾಗಾಗಿ ಕೂಡಿಡುವ ಶಾಖ ಕಡಿಮೆಯಾಗುತ್ತದೆ. ಜೊತೆಗೆ ಕರಗಿದ ಮೇಣ ಮಂದವಾಗಿ ಅದರೊಳಗಿನ ಸಹಜ ಸುತ್ತಾಟ (ಬಿಸಿ ದ್ರವ ಮೇಲೇರಿ ತಣ್ಣನೆಯದು ಕೆಳಗಿಳಿಯುವುದು) ಕುಂಠಿತವಾಗುತ್ತದೆ, ಆಗ ಕರಗುವುದೇ ನಿಧಾನವಾಗಬಹುದು.